ಕರಿಯಾ, ಬಾ

ಎಮ್ರಿಸ್ ಸಾಹೇಬರ ಹಡಗು ಒಂದು ದಿನ ಮುಂಚೆಯೇ ಬರುತ್ತದೆ ಎಂಬ ಸುದ್ದಿಯನ್ನು ನುಂಗಿಹಾಕಿದವನು ನಾನೇ. ಫೋನು ಬಂದಿತ್ತು, ನಾನೇ ಎತ್ತಿದೆ, "ಆಗಲಿ, ಹೇಳುತ್ತೇನೆ" ಎಂದೆ — ಹೇಳಲಿಲ್ಲ. ಮರೆತೆ ಎಂದು ಬರೆದುಬಿಟ್ಟರೆ ಈ ಬರಹ ಇಲ್ಲಿಗೇ ಮರ್ಯಾದೆಯಿಂದ ಮುಗಿಯುತ್ತದೆ, ನಾನೂ ಎದ್ದು ಕಾಫಿ ಕುಡಿಯಬಹುದು. ಆದರೆ ಮರೆಯಲಿಲ್ಲ. ಬೇಕೆಂದೇ ಹೇಳಲಿಲ್ಲ.

ಮಾನ್ಯ ಓದುಗರಿಗೆ ಆರೋಪಿಯ ಪರಿಚಯವಾಗಬೇಕು. ಮೈಸೂರಿನವನು, ರಸ್ತೆ, ಮೋರಿಗಳ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸ, ಹೆಂಡತಿ ಸರೋಜ, ಮಗಳು ವೀಣಾ. ವಾಸ ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ, ಒಂದೇ ಗೋಡೆಗೆ ಎರಡು ಮನೆ ಅಂಟಿಸಿದಂಥ ಕಟ್ಟಡದ ಅರ್ಧದಲ್ಲಿ. ಇನ್ನರ್ಧದಲ್ಲಿ ಎಮ್ರಿಸ್ ಸಾಹೇಬರು, ಅವರ ಹೆಂಡತಿ ನೆರಿಸ್, ಇಬ್ಬರು ಗಂಡುಮಕ್ಕಳು. ವೇಲ್ಸಿನವರು. ಮೊದಲ ದಿನ ಬೇಲಿಯ ಬಳಿ ನಾನು, "ಅಂದರೆ ಇಂಗ್ಲೆಂಡಾ?" ಎಂದು ಕೇಳಿದೆ. ಸಾಹೇಬರು, "ನೀವು ಮದ್ರಾಸಿನವರಾ?" ಎಂದರು. ಅಲ್ಲಿಗೆ ಇಬ್ಬರಿಗೂ ಅರ್ಥವಾಯಿತು.

ಸರಕಿನ ಹಡಗಿನಲ್ಲಿ ಅವರು ಬೋಸನ್ — ಡೆಕ್ಕಿನ ಆಳುಗಳಿಗೆಲ್ಲ ಮೇಸ್ತ್ರಿ ಎನ್ನಿ. ತಿಂಗಳುಗಟ್ಟಲೆ ಸಮುದ್ರದ ಮೇಲೆ. ಮನೆಗೆ ಬಂದರೋ, ಕಳೆದುಕೊಂಡ ತಿಂಗಳುಗಳನ್ನೆಲ್ಲ ಒಂದೇ ವಾರದಲ್ಲಿ ವಸೂಲು ಮಾಡುವವರಂತೆ ಬೇಲಿಗೆ ಬಣ್ಣ, ಮಕ್ಕಳ ಅಂಗಿಗೆ ಇಸ್ತ್ರಿ, ಹೆಂಡತಿಯ ಅಡುಗೆಮನೆಯಲ್ಲಿ ರೊಟ್ಟಿ. ಗೋಡೆಯಾಚೆಯಿಂದ ಹಾಡು. ಸರೋಜ ನನ್ನ ಕಡೆ ನೋಡುತ್ತಿದ್ದಳು. "ನೋಡಿ, ಅವರು ಸಮುದ್ರ ದಾಟಿ ಬಂದು ಇಸ್ತ್ರಿ ಮಾಡ್ತಾರೆ. ನೀವು ಫ್ರೀವೇ ದಾಟಿ ಬಂದು ಸುಸ್ತು ಅಂತೀರ."

ಅವರ ಮನೆಯದೊಂದು ಪದ್ಧತಿ. ಹಡಗು ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ನುಗ್ಗುವಾಗ ಬೋಸನ್ ಹಡಗಿನ ಮೂತಿಯಲ್ಲಿ, ಲಂಗರಿನ ಪಕ್ಕ ನಿಂತಿರಬೇಕು, ಅದು ಕೆಲಸ. ದಡದಲ್ಲಿ ನೆರಿಸ್ ಮತ್ತು ಮಕ್ಕಳು ಕೆಂಪು ಚೌಕಳಿಯ ಮೇಜುಬಟ್ಟೆಯೊಂದನ್ನು ಎತ್ತಿ ಬೀಸಬೇಕು, ಅದು ಸಂಸಾರ. ಒಮ್ಮೆ ನಮ್ಮನ್ನೂ ಕರೆದುಕೊಂಡು ಹೋದರು. ಬೆಳಿಗ್ಗೆ ಎರಡು ಕಾರುಗಳು ಫ್ರೀವೇಯಲ್ಲಿ ಒಂದರ ಹಿಂದೊಂದು ಹಾರಿದವು, ಇಡ್ಲಿಯ ಡಬ್ಬಿ ಹಿಂದಿನ ಸೀಟಿನಲ್ಲಿ ಉರುಳಾಡಿತು, ನಾನು ಜನ್ಮದಲ್ಲಿ ಮೊದಲ ಬಾರಿಗೆ ವೇಗದ ಮಿತಿ ಮೀರಿದೆ. ಮಂಜು ಸರಿಯಿತು — ಅಗೋ! ಬೀದಿಗೆ ಬೀದಿಯೇ ತೇಲಿ ಬಂದಂತೆ ಹಡಗು! ನಾನು, ಆಫೀಸಿನಲ್ಲಿ ನಗುವುದಕ್ಕೂ ಹಿಂದುಮುಂದು ನೋಡುವವನು, ಮೇಜುಬಟ್ಟೆಯ ಒಂದು ಮೂಲೆ ಹಿಡಿದು ಕುಣಿದೆ. ಮೂತಿಯಲ್ಲಿ ಸಾಸಿವೆಯಷ್ಟಿದ್ದ ಮನುಷ್ಯ ಟೋಪಿ ತೆಗೆದು ಬೀಸಿದ. ಆ ದಿನ ನನ್ನ ಎದೆ ಹೊಡೆದುಕೊಂಡ ರೀತಿಯಲ್ಲಿ ಮದುವೆಯ ದಿನವೂ ಹೊಡೆದುಕೊಂಡಿರಲಿಲ್ಲ. ಸರೋಜ ಇದನ್ನು ಓದಬಾರದು.

ಇಷ್ಟು ಚೆನ್ನಾಗಿದ್ದವರ ಮಧ್ಯೆ ಬಂದದ್ದು ಒಂದು ಮಾತು.

ವೀಣಾಳಿಗೆ ಆಗ ನಾಲ್ಕು ವರ್ಷ. ಅವಳದೂ ನನ್ನದೇ ಬಣ್ಣ — ಅಂದರೆ ನೇರಳೆ ಹಣ್ಣಿಗೆ ಹತ್ತಿರ. ಒಂದು ಸಂಜೆ ಬೇಲಿಯ ಆಚೆಯಿಂದ ಸಾಹೇಬರು ಅವಳನ್ನು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು: "ಕರಿಯಾ, ಬಾ!" ಮಗು ಓಡಿತು. ಮರುದಿನವೂ "ಕರಿಯಾ, ಬಾ", ಮತ್ತೆ ಓಡಿತು.

ಶಾಲೆಯಲ್ಲಿ ನನ್ನನ್ನು ಹಾಗೇ ಕೂಗುತ್ತಿದ್ದರು. ಹೆಸರು ಹಿಡಿದು ಕರೆದವರು ಮೇಷ್ಟ್ರೊಬ್ಬರೇ, ಅದೂ ಹಾಜರಿ ಹೊತ್ತಿಗೆ. ಏಳು ಸಮುದ್ರ ದಾಟಿ ಬಂದ ಮೇಲೆ, ಅದೂ ನನ್ನ ಮಗಳಿಗೆ —

"ಕೇಳಿಸ್ಕೊಂಡ್ಯಾ?" ಎಂದೆ ಸರೋಜಳಿಗೆ. "ಮಗೂನ ಕರಿಯಾ ಅಂತಾನೆ."

"ಅಯ್ಯೋ, ಅವರಿಗೆಲ್ಲಿ ಕನ್ನಡ ಬರಬೇಕು ರೀ?"

"ಮಂಗಳೂರು ಬಂದರಿಗೆ ಹೋಗಿದ್ದೆ ಅಂತ ಅವನೇ ಹೇಳಿಲ್ವಾ? ಬಂದರಲ್ಲಿ ಇನ್ನೇನು ಕಲೀತಾರೆ?"

"ಹೆಣ್ಣುಮಗೂಗೆ ಕರಿಯಾ ಅಂತಾರಾ?"

"ನಾವಿಕನಿಗೆ ವ್ಯಾಕರಣ ಯಾರು ಕಲಿಸ್ತಾರೆ?"

"ಹಾಗಿದ್ರೆ ಹೋಗಿ ಕೇಳಿ."

ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಸಿಟ್ಟನ್ನು ಜೋಪಾನವಾಗಿ ಸಾಕುವವರು ಅಂಥ ಅಪಾಯಕ್ಕೆ ಕೈಹಾಕುವುದಿಲ್ಲ. ನಾನು ಗಂಭೀರನಾದೆ. ಸಾಹೇಬರಿಗೆ ಬರಿಯ ತಲೆಯಲ್ಲಾಡಿಸತೊಡಗಿದೆ. ಅವರು ಗಮನಿಸಲೇ ಇಲ್ಲ, ಅದಕ್ಕೂ ಸಿಟ್ಟು.

ಸ್ವಲ್ಪ ದಿನಕ್ಕೆ ಅವರು ಕೊನೆಯ ಪಯಣಕ್ಕೆ ಹೋದರು; ಹಿಂತಿರುಗಿದ ಮೇಲೆ ನಿವೃತ್ತಿ. "ಸೇತುವೆಯ ಕೆಳಗೆ ಬರೋದು ಇದೇ ಕಡೇ ಸಲ. ಎಲ್ಲರೂ ನಿಂತಿರಬೇಕು, ಮಿಸ್ಟರ್ ರಾವ್" ಎಂದು ನನ್ನ ಕೈ ಹಿಡಿದು ಹೇಳಿ ಹೋಗಿದ್ದರು. ಬರುವುದು ಸೋಮವಾರ. ನೆರಿಸ್ ಮೇಜುಬಟ್ಟೆಯನ್ನು ಒಗೆದು ಗಂಜಿ ಹಾಕಿದ್ದರು. ಸರೋಜ ಕೊಬ್ಬರಿ ಮಿಠಾಯಿಗೆಂದು ತೆಂಗಿನಕಾಯಿ ಹುಡುಕಲು ಸ್ಯಾನ್ ಹೊಸೆಯವರೆಗೆ ಹೋಗಿದ್ದಳು. ಅದೇ ಶನಿವಾರ, ನೆರಿಸ್ ಮಕ್ಕಳಿಗೆ ಕ್ಷೌರ ಮಾಡಿಸಲು ಹೋದ ಹೊತ್ತು, ಹಡಗಿನ ಆಫೀಸಿನ ಹುಡುಗಿ ನಮ್ಮ ಮನೆಗೆ ಫೋನು ಮಾಡಿದಳು. ತುರ್ತಿಗೆಂದು ನೆರಿಸ್ ನಮ್ಮ ನಂಬರನ್ನೂ ಕೊಟ್ಟಿದ್ದರು. ಹಡಗು ನಾಳೆ ಬೆಳಿಗ್ಗೆಯೇ ಬರುತ್ತದೆ, ದಯವಿಟ್ಟು ಪಕ್ಕದ ಮನೆಗೆ ತಿಳಿಸಿ. "ಆಗಲಿ, ಹೇಳುತ್ತೇನೆ" ಎಂದೆ. ಫೋನಿಟ್ಟೆ. ಕಿಟಕಿಯಿಂದ ನೆರಿಸ್ ಅವರ ಕಾರು ಬಂದು ನಿಂತದ್ದು ಕಂಡಿತು. ಹತ್ತು ಹೆಜ್ಜೆಯೂ ಇರಲಿಲ್ಲ. ಕರಿಯನಿಗೆ ಕಾಲು ಏಳಲಿಲ್ಲ.

ಭಾನುವಾರ ಮಧ್ಯಾಹ್ನ ನಾನು ಹುಲ್ಲು ಕತ್ತರಿಸುತ್ತಿದ್ದೆ. ಟ್ಯಾಕ್ಸಿ ಬಂತು. ಸಾಹೇಬರು ಇಳಿದರು. ಹಿಟ್ಟಿನ ಕೈಯಲ್ಲೇ ನೆರಿಸ್ ಓಡಿ ಬಂದರು. ಸಾಹೇಬರು ಎರಡೂ ತೋಳು ಚಾಚಿ, ನನ್ನ ಕಿವಿಗೆ ಬೀಳುವಂತೆ, ಕೂಗಿದರು:

"ಕರಿಯಾ, ಬಾ!"

ನೆರಿಸ್ ಅವರನ್ನು ನೀವು ನೋಡಿಲ್ಲ. ಕೈಯಲ್ಲಿ ಹಿಟ್ಟು ಎಲ್ಲಿ ಮುಗಿಯುತ್ತದೆ, ಕೈ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ಬಿಳುಪು. ಭೂಮಿಯ ಮೇಲೆ ಯಾರೂ ಕರಿಯಾ ಎಂದು ಕರೆಯಲಾಗದ ಒಬ್ಬಳೇ ಹೆಂಗಸು.

ಅವರ ದೊಡ್ಡ ಹುಡುಗ ಪಕ್ಕದಲ್ಲಿದ್ದ. "ನಿಮ್ಮಪ್ಪ ಏನಂದರು?" ಎಂದೆ.

"ಅದಾ? ಕರ್ಯದ್ ಬಾಖ್. ನಮ್ಮ ಭಾಷೆಯಲ್ಲಿ — ಚಿನ್ನ, ಪುಟ್ಟ, ಅಂಥದ್ದು. ವೀಣಾನ್ನೂ ಹಾಗೇ ಕರೀತಾರಲ್ಲ."

ಅಷ್ಟರಲ್ಲಿ ನೆರಿಸ್ ನನ್ನ ಕಡೆ ಬಂದರು. "ಮಿಸ್ಟರ್ ರಾವ್, ನಿಮಗೆ ಫೋನ್ ಮಾಡಿದ್ದೆ ಅಂತ ಆಫೀಸಿನ ಹುಡುಗಿ ಇವರಿಗೆ ಹೇಳಿದಳಂತೆ. ಬಂದಿತ್ತಾ?"

ಓದುಗರೇ, ಶನಿವಾರದ ತಪ್ಪನ್ನು ಸಿಟ್ಟಿನ ತಲೆಗೆ ಕಟ್ಟಬಹುದು. ಭಾನುವಾರ ನನ್ನಲ್ಲಿ ಸಿಟ್ಟೇ ಇರಲಿಲ್ಲ. ಎಲ್ಲ ಗೊತ್ತಾಗಿತ್ತು. ಗೊತ್ತಾದ ಮೇಲೆ, ಹಿಟ್ಟಿನ ಕೈ ಮುಂದೆ ನಿಂತಿರುವಾಗ, ನಾನು ಹೇಳಿದೆ:

"ಇಲ್ಲವಲ್ಲ. ಯಾವ ಫೋನೂ ಬರಲಿಲ್ಲ."

ನಂಬಿದರು. ಮಾಂಸ ಮುಟ್ಟದ, ಬಿಯರ್ ಕುಡಿಯದ ಮನುಷ್ಯ ಸುಳ್ಳು ಹೇಳುತ್ತಾನೆಯೇ? ಸೋಮವಾರ ಸಾಹೇಬರು ಆಫೀಸಿಗೆ ಹೋಗಿ ಆ ಹುಡುಗಿಗೆ ಎಲ್ಲರೆದುರು ಬೈದು ಬಂದರಂತೆ. ಅವಳು ಅತ್ತಳಂತೆ, "ನಾನು ಹೇಳಿದ್ದೆ, ಹೇಳಿದ್ದೆ" ಎನ್ನುತ್ತಲೇ ಇದ್ದಳಂತೆ. ಅವಳ ಹೆಸರು ನನಗೆ ಇಂದಿಗೂ ತಿಳಿಯದು.

ಸಾಹೇಬರದು ದೊಡ್ಡ ಮನಸ್ಸು; ಆ ಬೆಳಿಗ್ಗೆಯನ್ನು ಕಥೆ ಮಾಡಿಕೊಂಡರು. ಮಂಜಿನಲ್ಲಿ ದಡದಲ್ಲಿ ಏನೋ ಕೆಂಪು ಕಂಡು ಟೋಪಿ ತೆಗೆದು ಬೀಸಿದೆ, ಬೀಸಿದೆ, ಕಣ್ಣೊರೆಸಿ ನೋಡಿದರೆ ಯಾರೋ ಪ್ರವಾಸಿಯ ಕೊಡೆ — ಎಂದು ಪ್ರತಿ ಊಟದಲ್ಲೂ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವನು ನಾನು. ಇಷ್ಟು ವರ್ಷಗಳಲ್ಲಿ ಒಮ್ಮೆ ಮಾತ್ರ, ಕೊಡೆ ಎಂದ ಮೇಲೆ ಅವರು ಸುಮ್ಮನಾಗಿ ತಟ್ಟೆಯನ್ನು ನೋಡುತ್ತ ಕುಳಿತರು. ಆಗಲೂ ನಾನು ನಗುತ್ತಲೇ ಇದ್ದೆ — ನಿಲ್ಲಿಸುವುದು ಹೇಗೆಂದು ತಿಳಿಯದೆ.

ಬರುವ ವಾರ ಅವರು ವೇಲ್ಸಿಗೆ ಹೊರಟಿದ್ದಾರೆ, ಇನ್ನು ಅಲ್ಲಿಯೇ. ಇಂದು ಅವರ ಹಿತ್ತಿಲಲ್ಲಿ ಬೀಳ್ಕೊಡುಗೆಯ ಊಟ. ಬೆಳಿಗ್ಗೆಯಿಂದ ಎರಡೂ ಮನೆಗಳಲ್ಲಿ ಗದ್ದಲ, ಸರೋಜಳ ಕೊಬ್ಬರಿ ಮಿಠಾಯಿಯ ಘಮ. ಹಿತ್ತಿಲ ಮೇಜಿನ ಮೇಲೆ ಅದೇ ಕೆಂಪು ಚೌಕಳಿಯ ಬಟ್ಟೆ. ನನ್ನ ಎದೆ ಸೇತುವೆಯ ದಿನದಂತೆಯೇ ಹೊಡೆದುಕೊಳ್ಳುತ್ತಿದೆ.

ಇಷ್ಟನ್ನೂ ಕನ್ನಡದಲ್ಲಿ ಬರೆದದ್ದರ ಗುಟ್ಟು ನಿಮಗೆ ಹೊಳೆದಿರಬೇಕು: ಓದಬೇಕಾದವರಿಗೆ ಇದು ಓದಲು ಬಾರದು. ಇದೂ ಅದೇ ಹೇಡಿತನ. ಹಾಗಾಗಿ ಈಗ ತಾನೇ ವೀಣಾಳನ್ನು ಕೂರಿಸಿಕೊಂಡು ಓದಿ ಹೇಳಿದೆ. ಅವಳಿಗೀಗ ಹತ್ತು ತುಂಬಿದೆ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೊನೆಯವರೆಗೂ ಕೇಳಿದಳು. ನಗಲಿಲ್ಲ.

"ಅಪ್ಪಾ, ಯೂ ನೆವರ್ ಟೋಲ್ಡ್ ಹಿಮ್?"

"ಇಲ್ಲ, ಮಗು."

"ಆ ಆಫೀಸ್ ಲೇಡಿ?"

ಅವಳು ಎದ್ದು ಹಿತ್ತಿಲ ಬಾಗಿಲು ತೆರೆದು, ಅದನ್ನು ಹಿಡಿದುಕೊಂಡು ನಿಂತಿದ್ದಾಳೆ. ತಾನೂ ಹೋಗುತ್ತಿಲ್ಲ, ಮುಚ್ಚುತ್ತಲೂ ಇಲ್ಲ. ಬೇಲಿಯಾಚೆ ಸಾಹೇಬರು ಎಂದಿನಂತೆ ಅವಳನ್ನು ಕೂಗುತ್ತಿದ್ದಾರೆ — "ಕರಿಯಾ, ಬಾ!"

ಈ ಸಲ ಆ ಕರೆ ನನಗೇ ಎಂದುಕೊಂಡು ಏಳುತ್ತಿದ್ದೇನೆ.