ಫೋಟೊ ಹಿಡಿಯಾಂವ

ಸಿಂಧನೂರಿನ ಕಾಲೇಜಿನಲ್ಲಿ ಸ್ಕೀ ಸಿನಿಮಾಗಳ ಬಗ್ಗೆ ಮಾತಾಡಬೇಕಿತ್ತು. ಲಿಂಗಸುಗೂರಿನಿಂದ ಬಸ್ಸಿನಲ್ಲಿ ಹೋಗುತ್ತ ಫೋನಿನಲ್ಲಿ ಒಂದನ್ನು ನೋಡುತ್ತಿದ್ದೆ. ಕಡಿದಾದ ಬೆಟ್ಟದಿಂದ ಒಬ್ಬ ಹಿಮದ ಮೇಲೆ ಜಾರುತ್ತಿದ್ದ, ಮೇಲಿನಿಂದ ಹಿಮ ಕುಸಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತೋಳು ಹಿಡಿದರು.

“ಇದನ್ನ ಫೋಟೊ ಹಿಡಿಯಾಂವ ಎಲ್ಲಿ ನಿಂತಾನಪ್ಪಾ?”

“ನಿಂತಿಲ್ಲ ಯವ್ವಾ. ಮೊದಲೆಲ್ಲ ಕೆಳಗ ನಿಂತು ತೆಗೀತಿದ್ರು. ಈಗ ಅವನೂ ಬೆನ್ನ ಹಿಂದೇ ಜಾರಕೋಂತ ಬರ್ತಾನ.”

“ಅಂದ್ರ ಆ ಬರ್ಫ ಮೊದಲ ಅವನ ಮ್ಯಾಲೇ ಬೀಳತೈತಿ.”

ನನಗದು ಹೊಳೆದೇ ಇರಲಿಲ್ಲ. ಮಸ್ಕಿ ಬಂತೆಂದು ಕಂಡಕ್ಟರ್ ಕೂಗಿದ. ಅಲ್ಲಿ ಇಳಿಯಬೇಕಿದ್ದ ಅಜ್ಜಿ ಏಳಲಿಲ್ಲ. ಜಾರುವವನು ಕೆಳಗೆ ತಲುಪಿ ನಿಂತ. ಹಿಂದಿನವನು ಕಾಣುತ್ತಾನೇನೋ ಎಂದು ನಾವಿಬ್ಬರೂ ಫೋನಿನ ಮೇಲೆ ಬಾಗಿದೆವು. ಕಡೆಗೆ ಅವನ ಪಕ್ಕದ ಹಿಮದ ಮೇಲೆ ಇನ್ನೊಂದು ನೆರಳು ಬಂದು ನಿಂತಿತು.

“ಬಂದ,” ಎಂದು ಅಜ್ಜಿ ಚೀಲ ಎತ್ತಿಕೊಂಡು ಇಳಿದರು.

ಅಷ್ಟೊತ್ತು ಬಸ್ಸು ನಿಲ್ಲಿಸಿಕೊಂಡಿದ್ದ ಕಂಡಕ್ಟರ್ ಸಿಡುಕಿದ. “ಅವರ ಕಡೇರು ಯಾರರ ಬರೋರಿದ್ರೇನ್ರೀ?”

“ಹೌದ್ರೀ, ಬಂದ್ರು,” ಎಂದೆ.