ಬದನೆಕಾಯಿ ಜೊತೆ ನೀರಿನ ಹನಿ

“ಅಮ್ಮಾ, ಮೊದ್ಲು ಆ ಸ್ಟೇಟಸ್ ತೆಗಿ! ನನ್ನ ಫ್ರೆಂಡ್ಸೆಲ್ಲ ನೋಡಿ ನಗ್ತಾವ್ರೆ.”

ಕೋಲಾರದ ಕಾಲೇಜಿನಿಂದ ಮಗಳ ಫೋನು. ಸುಗಟೂರಿನ ನಮ್ಮ ತೋಟದಲ್ಲಿ ಬದನೆ ಗಿಡಗಳಿಗೆ ಹನಿ ನೀರಾವರಿಯ ಡ್ರಿಪ್ ಹಾಕಿಸಿದ ಖುಷಿಗೆ ವಾಟ್ಸಾಪ್‌ನಲ್ಲಿ ಬದನೆಕಾಯಿಯ ಎಮೋಜಿ ಹಾಕಿ, ಪಕ್ಕದಲ್ಲೇ ನೀರಿನ ಹನಿಗಳನ್ನೂ ಹಾಕಿದ್ದೆ. ಇದರಲ್ಲಿ ನಗುವಂಥದ್ದೇನಿದೆ?

“ಅವೆರಡೂ ಜೊತೇಲಿದ್ರೆ ಪೋಲಿ ಅರ್ಥ ಕಣಮ್ಮಾ. ಇನ್ನೇನೂ ಕೇಳ್ಬೇಡ” ಎಂದು ಫೋನಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷದಿಂದ ನಾನು ಬೆಳೆಯುವ ಕಾಯಿಗೆ ನನ್ನನ್ನು ಕೇಳದೆ ಅರ್ಥ ಹಚ್ಚಲು ಇವರು ಯಾರು? ಬದನೆಗೆ ನೀರು ಬಿಡದೆ ಇನ್ನೇನು ಬಿಡಬೇಕಂತೆ? ಬೈದುಕೊಳ್ಳುತ್ತಲೇ ಅಳಿಸಲು ಹೋದರೆ, ನಮ್ಮ ಕಾಯಿ ಕೊಳ್ಳುವ ಮಂಡಿಯವರು ಉತ್ತರ ಬರೆದಿದ್ದರು: “ಅಕ್ಕಾ, ಯಾವಾಗ ಕೀಳ್ತೀರಾ?”

ಸ್ಟೇಟಸ್ ಅಳಿಸಿದೆ. ಆದರೆ ಅಷ್ಟು ಜನರಲ್ಲಿ ಬದನೆಕಾಯಿಯನ್ನು ಬದನೆಕಾಯಿ ಎಂದೇ ಓದಿದ್ದು ಅವರೊಬ್ಬರೇ.