ನೂರು ಡಾಲರಿಗೆ ಬಿಟ್ಟ ಬ್ಯಾಂಕು

ನಾವು ಫಾಸ್ಟರ್ ಸಿಟಿಗೆ ಬಂದು ಇನ್ನೂ ಪಾತ್ರೆಗಳಿಗೆ ಜಾಗ ಹುಡುಕುತ್ತಿದ್ದಾಗಲೇ ಅಂಚೆಪೆಟ್ಟಿಗೆಯಲ್ಲಿ ಬಣ್ಣದ ಕಾಗದವೊಂದು ಬಂದು ಬಿದ್ದಿತು. ನಾವು ಖಾತೆ ಇಟ್ಟಿದ್ದ ಬ್ಯಾಂಕಿನದಲ್ಲ, ಎದುರು ರಸ್ತೆಯ ಬೇರೊಂದು ಬ್ಯಾಂಕಿನದು. ಈಗಿರುವ ಬ್ಯಾಂಕು ಬಿಟ್ಟು ನಮ್ಮಲ್ಲಿಗೆ ಬನ್ನಿ, ನೂರು ಡಾಲರು ಕೊಡುತ್ತೇವೆ ಎಂದು ಬರೆದಿದ್ದರು. ಗಂಡನ ಮನೆ ಬಿಟ್ಟು ಬಾ ಎಂದು ಪಕ್ಕದ ಮನೆಯವರು ಕರೆದಂತಾಗಿ ನನಗೆ ಗಾಬರಿಯಾಯಿತು. ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ.

ಸಂಜೆ ನಮ್ಮವರು ರೆಡ್‌ವುಡ್ ಸಿಟಿಯ ಆಫೀಸಿನಿಂದ ಬಂದ ಮೇಲೆ ತೋರಿಸಿದೆ. ಅವರು ನಕ್ಕುಬಿಟ್ಟರು.

"ಇಲ್ಲಿ ಇದು ಮಾಮೂಲಿ ಐತಿ. ನನ್ನ ಪಗಾರ ಅಲ್ಲಿ ಹೋಗಿ ಬೀಳೂಹಂಗ ಮಾಡಿದ್ರ ಸಾಕು, ರೊಕ್ಕ ಕೊಡ್ತಾರ."

"ಮತ್ತ ಈ ಬ್ಯಾಂಕಿನವರಿಗೆ ಏನ್ ಹೇಳೂದ್ರಿ?"

"ಏನ್ ಹೇಳೂದೈತಿ? ಬ್ಯಾಂಕ್ ಬದಲ್ಸಾಕತ್ತೀವಿ, ಗಂಡನ್ನಲ್ಲ."

ನಗಬೇಕಾದ ಮಾತೇ, ಆದರೆ ನನಗೆ ನಗು ಬರಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಅಪ್ಪನದು ಸ್ಟೇಷನ್ ರಸ್ತೆಯಲ್ಲಿ ಹಿತ್ತಾಳೆ ಪಾತ್ರೆಗಳ ಅಂಗಡಿ. ಅಂಗಡಿಯ ಪಕ್ಕದಲ್ಲೇ ಹೊಸ ಬ್ಯಾಂಕು ತೆರೆದಾಗಲೂ ಅಪ್ಪ ಬಿಸಿಲಲ್ಲಿ ದೂರದ ಹಳೇ ಬ್ಯಾಂಕಿಗೇ ನಡೆದು ಹೋಗುತ್ತಿದ್ದರು. "ನಾಳೆ ದಾರಿಯಾಗ ಸಿಕ್ರ ಮ್ಯಾನೇಜರ್ ಸಾಹೇಬರ ಮಾರಿ ಹೆಂಗ ನೋಡ್ಲಿ?" ಎನ್ನುವುದು ಅವರ ವಾದ. ಆ ಮ್ಯಾನೇಜರು ನನ್ನ ಮದುವೆಗೆ ಬಂದು ಸಾಲಿನಲ್ಲಿ ಕೂತು ಉಂಡವರು. ಅಲ್ಲಿ ಬ್ಯಾಂಕಿನ ಖಾತೆಯೆಂದರೆ ಒಂದು ನಂಟು. ಇಲ್ಲಿ ಅದೇ ನಂಟನ್ನು ಹರಿದುಕೊಂಡು ಬಂದವರಿಗೆ ಬಹುಮಾನ!

ಆದರೆ ನಿಜವಾದ ಸಂಕಟ ಬೇರೆಯೇ ಇತ್ತು. ನಮ್ಮ ಬ್ಯಾಂಕಿನಲ್ಲಿ ಲೂರ್ಡೆಸ್ ಇದ್ದಳು.

ಲೂರ್ಡೆಸ್ ಫಿಲಿಪೀನ್ಸ್ ಕಡೆಯವಳು, ಕೌಂಟರಿನಲ್ಲಿ ದುಡ್ಡು ಕೊಟ್ಟು ತೆಗೆದುಕೊಳ್ಳುವ ಕೆಲಸ. ಇಲ್ಲಿ ಅಂಥವರನ್ನು ಟೆಲ್ಲರ್ ಎನ್ನುತ್ತಾರೆ. ಖಾತೆ ತೆರೆದ ದಿನ ನಾನು ಕನ್ನಡದಲ್ಲಿ ಸಹಿ ಹಾಕಿದ್ದನ್ನು ಅವಳು ತಲೆ ಓರೆ ಮಾಡಿ ನೋಡಿ, ಯಾವ ಕಡೆಯಿಂದ ಓದಬೇಕು ಎಂದು ಕೇಳಿದಳು. ತನ್ನ ಹೆಸರನ್ನೂ ಬರೆಸಿಕೊಂಡು, "ಇದು ಖರೇನ ನಾನೇನು? ಎಷ್ಟು ದುಂಡಗ ಕಾಣಾಕತ್ತೀನಿ!" ಎಂದಳು. ಅವಳು ಆಡಿದ್ದು ಇಂಗ್ಲಿಷು. ಆದರೆ ನನ್ನ ಕಿವಿಯೊಳಗೆ ಅದು ನಮ್ಮ ಕಡೆಯ ಮಾತಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಈ ಊರಿನಲ್ಲಿ ಕಾರಿಲ್ಲದವರು ಕಾಲಿಲ್ಲದವರೇ. ಇಂಟರ್‌ನೆಟ್ಟಿನ ಹೆಸರಿನಲ್ಲಿ ದಿನಬೆಳಗಾದರೆ ಹೊಸ ಕಂಪನಿ ಹುಟ್ಟುತ್ತಿದ್ದ ಕಾಲವದು. ನಮ್ಮವರು ಬೆಳಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುತ್ತಿದ್ದರು. ಅಪಾರ್ಟ್‌ಮೆಂಟಿನ ಹಿಂದೆ ಲಗೂನು, ಅಂದರೆ ಸಮುದ್ರದ ನೀರನ್ನು ಕಾಲುವೆಯಂತೆ ಮನೆಗಳ ನಡುವೆ ತಂದು ನಿಲ್ಲಿಸಿದ ಕೆರೆ. ಅದರಲ್ಲಿ ಬಾತುಕೋಳಿಗಳಿದ್ದವು, ಅಷ್ಟೇ. ದಂಡೆಯಲ್ಲಿ ಓಡುವವರು ಹಲ್ಲು ತೋರಿಸಿ "ಹಾಯ್" ಎನ್ನುತ್ತಾರೆ, ನಾವು ಬಾಯಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಮಾಯ. ನಡೆದು ಮುಟ್ಟಬಹುದಾದ ದೂರದಲ್ಲಿ ನನ್ನನ್ನು ನಿಲ್ಲಿಸಿಕೊಂಡು "ಇವತ್ತ ಏನ್ ಅಡಗಿ ಮಾಡಿದಿ?" ಎಂದು ಕೇಳುವ ಜೀವವೆಂದರೆ ಲೂರ್ಡೆಸ್ ಒಬ್ಬಳೇ. ಮನೆಯಲ್ಲಿ ದುಡ್ಡಿದ್ದರೂ ಇಪ್ಪತ್ತು ಡಾಲರು ತೆಗೆಯುವ ನೆವದಲ್ಲಿ ಹೋಗುತ್ತಿದ್ದೆ. ಹೊರಗೆ ಗೋಡೆಯಲ್ಲಿ ದುಡ್ಡು ಕೊಡುವ ಯಂತ್ರವಿತ್ತು. ನಾನು ಅದರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇತ್ತ ಆ ನೂರು ಡಾಲರಿಗೆ ನಮ್ಮವರು ಆಗಲೇ ಒಂದು ಕೆಲಸ ಹಚ್ಚಿದ್ದರು. "ಆ ರೊಕ್ಕ ನಿನ್ನ ಡ್ರೈವಿಂಗ್ ಕ್ಲಾಸಿಗೆ. ಎಷ್ಟ್ ದಿನಾ ಬಾತುಕೋಳಿ ನೋಡ್ಕೋತ ಕೂಡ್ತಿ?" ಎಂದರು. ಎಲ್ಲಿಗಾದರೂ ಹೋಗುವ ದಾರಿ ಸಿಗಬೇಕಾದರೆ, ಹೋಗಲು ಇದ್ದ ಒಂದೇ ಜಾಗವನ್ನು ಬಿಡಬೇಕು.

ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದಾಯಿತು, ಪಗಾರವೂ ಅಲ್ಲಿಗೆ ಹೋಗತೊಡಗಿತು. ಹಳೆಯದನ್ನು ಮುಚ್ಚುವ ಕೆಲಸ ಹಗಲು ಮನೆಯಲ್ಲಿರುವ ನನ್ನ ಪಾಲಿಗೆ ಬಂತು. ಪಗಾರ ಬಾರದ ಖಾತೆಗೆ ಆ ಬ್ಯಾಂಕು ತಿಂಗಳು ತಿಂಗಳು ಫೀ ಹಿಡಿಯುತ್ತಿತ್ತು. ಹಿಡಿಯಲಿ ಎಂದು ನಾನು ಸುಮ್ಮನಿದ್ದೆ. ಹೋಗುವುದು, ಇಪ್ಪತ್ತು ಡಾಲರು ತೆಗೆಯುವುದು, ಲೂರ್ಡೆಸ್ ಜೊತೆ ಬದನೆಕಾಯಿಯ ವಿಷಯ ಮಾತಾಡಿ ವಾಪಸು ಬರುವುದು.

ಒಂದು ಭಾನುವಾರ ಸ್ಯಾನ್ ಹೊಸೆಯಿಂದ ಶೆಣೈ ಊಟಕ್ಕೆ ಬಂದರು. ಮಂಗಳೂರಿನವರು, ನಮ್ಮವರ ಸಹೋದ್ಯೋಗಿ. ಬ್ಯಾಂಕಿಂದ ಬ್ಯಾಂಕಿಗೆ ಹಾರುವುದರಲ್ಲಿ ನಿಸ್ಸೀಮರು. ನನ್ನ ಕಥೆ ಕೇಳಿ ಅವರ ಕೈಯ ತುತ್ತು ಅಲ್ಲೇ ನಿಂತಿತು.

"ಎಂತದು ಅಕ್ಕ ನೀವು? ಟೆಲ್ಲರಿಗೆ ಬೇಜಾರಾಗ್ತದೆ ಅಂತ ಫೀ ಕಟ್ತಾ ಇದ್ದೀರಾ? ಅದು ಬ್ಯಾಂಕು, ನಿಮ್ಮ ಅತ್ತೆ ಮನೆ ಅಲ್ಲ ಮಾರಾಯ್ರೇ! ನನಗೆ ಒಂದು ಬ್ಯಾಂಕಲ್ಲಿ ಟೋಸ್ಟರ್ ಸಿಕ್ಕಿತು, ಇನ್ನೊಂದರಲ್ಲಿ ಐವತ್ತು ಡಾಲರ್. ಟೋಸ್ಟರ್ ಈಗಲೂ ಲಾಯ್ಕ್ ಉಂಟು."

"ನಿಮ್ಮ ಊರು ಬ್ಯಾಂಕುಗಳ ತವರುಮನಿ ಅಂತಾರ. ನೀವ ಹಿಂಗಂದ್ರ ಹೆಂಗ್ರಿ?" ಎಂದೆ.

"ಅದಕ್ಕೇ ಅಕ್ಕ, ನಮಗೆ ಅದರ ಒಳಗುಟ್ಟು ಗೊತ್ತುಂಟು."

ಎಲ್ಲರೂ ನಕ್ಕರು. ನಮ್ಮವರು ಮಾತ್ರ ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ನಿನಗ ಆಗೂದಿಲ್ಲಂದ್ರ ನಾನ ರಜಾ ಹಾಕಿ ಹೋಗಿ ಬರ್ತೀನಿ" ಎಂದರು. ಬೇಡ ಎಂದೆ. ಹೇಳದೆ ಕೇಳದೆ ಬಿಟ್ಟುಹೋದರು ಎಂದು ಅವಳು ತಿಳಿಯುವುದಕ್ಕಿಂತ ನಾನೇ ಹೋಗಿ ಹೇಳುವುದು ಲೇಸು.

ನಮ್ಮ ಕಡೆ ಹೆಣ್ಣುಮಕ್ಕಳು ಅಗಲುವಾಗ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಹಾಕಿ, ಕುಂಕುಮ ಹಚ್ಚಿ ಕಳಿಸುವುದು. ಇಲ್ಲಿ ಹೊರಟವಳು ನಾನು, ತುಂಬಬೇಕಾದವಳು ಅವಳು. ಅವಳಿಗೆ ಅದೆಲ್ಲ ಎಲ್ಲಿಂದ ಗೊತ್ತಿರಬೇಕು? ತಿರುವುಮುರುವಾದರೂ ಸರಿ ಎಂದು ನಾನೇ ಸಿದ್ಧ ಮಾಡಿಕೊಂಡೆ. ಪೆಟ್ಟಿಗೆಯಲ್ಲಿದ್ದ ಗುಳೇದಗುಡ್ಡದ ಖಣ, ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕಿ, ಒಂದು ತೆಂಗಿನಕಾಯಿ. ಇಲ್ಲಿಯ ತೆಂಗಿನಕಾಯಿಗೆ ಜುಟ್ಟು ಇರುವುದಿಲ್ಲ, ಬೋಳು ತಲೆ. ಇರಲಿ ಎಂದುಕೊಂಡೆ.

ಬ್ಯಾಂಕಿನಲ್ಲಿ ನನ್ನ ಸರದಿ ಬಂತು. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಇಂಗ್ಲಿಷು ಪೂರಾ ಮರೆತು, ಚೀಲದಿಂದ ಕಾಯಿ ತೆಗೆದು ಅವಳ ಮುಂದೆ ಇಟ್ಟೆ. ಅದು ಕೌಂಟರಿನ ಮೇಲೆ ದಡದಡ ಉರುಳಿ ಪಕ್ಕದ ಕೌಂಟರಿನ ಟೈ ಕಟ್ಟಿದ ಹುಡುಗನ ಮುಂದೆ ಹೋಗಿ ನಿಂತಿತು. ಹುಡುಗ ಎರಡೂ ಕೈ ಮೇಲೆತ್ತಿದ. ಬಾಗಿಲಲ್ಲಿದ್ದ ಕಾವಲುಗಾರ ನಾಲ್ಕು ಹೆಜ್ಜೆ ಮುಂದೆ ಬಂದ. ಒಳಗಿನಿಂದ ಮ್ಯಾನೇಜರು ಎದ್ದು ಬಂದರು.

ಲೂರ್ಡೆಸ್ ಕೈ ಚಾಚಿ ಕಾಯಿ ಎತ್ತಿಕೊಂಡಳು. ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು, ಬೆರಳ ಗಿಣ್ಣಿನಿಂದ ಟಕಟಕ ಬಡಿದಳು.

"ನೀರು ಭರ್ತಿ ಅದ, ಚೊಲೋ ಕಾಯಿ" ಎಂದು ಮ್ಯಾನೇಜರಿಗೆ ವರದಿ ಒಪ್ಪಿಸಿದಳು. ಅವರು ತಲೆಯಾಡಿಸಿ ಒಳಗೆ ಹೋದರು. ಆಮೇಲೆ ಅವಳು ನನ್ನ ಕಡೆ ಬಗ್ಗಿ, "ಏನಾತು? ಊರಿಗೆ ಹೊಂಟೀಯೇನು?" ಎಂದಳು.

"ಇಲ್ಲ. ಅಕೌಂಟ್ ಮುಚ್ಚಬೇಕಾಗೇದ" ಎಂದೆ. ಎದುರು ಬ್ಯಾಂಕು, ನೂರು ಡಾಲರು, ಡ್ರೈವಿಂಗ್ ಕ್ಲಾಸು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ತಗೋ ತಗೋ, ಬಿಡಬ್ಯಾಡ. ನನ್ನ ರೊಕ್ಕನೂ ಅಲ್ಲೇ ಅದ. ನಾನೂ ನೂರು ತಗೊಂಡೀನಿ. ಗಟ್ಟಿ ಮಾತಾಡಬ್ಯಾಡ."

ನಾನೂ ದನಿ ತಗ್ಗಿಸಿದೆ. "ಹಂಗಾರ ಇನ್ನ ನಾ ನಿನ್ನ ಎಲ್ಲಿ ನೋಡ್ಲಿ?"

"ಎಲ್ಲಿ ಅಂದ್ರ? ನನಗೊಂದು ಮನಿ ಇಲ್ಲೇನು? ರಾತ್ರಿ ಬ್ಯಾಂಕಿನಾಗ ಮಲಗ್ತೀನಿ ಅಂತ ತಿಳಿದೀಯೇನು?" ಎಂದು, ನಾನು ಮುಂದಿಟ್ಟ ಅಕ್ಕಿ, ಖಣ ತೆಗೆದುಕೊಂಡು, ಚೀಟಿಯ ಮೇಲೆ ಡೇಲಿ ಸಿಟಿಯ ವಿಳಾಸ ಬರೆದು ಕೊಟ್ಟಳು. "ಗಾಡಿ ಕಲಿ. ಕಲಿತ ಮ್ಯಾಲೆ ನೀನ ಓಡಿಸ್ಕೊಂಡು ಬಾ. ಗಂಡನ್ನ ಕರಕೊಂಡು ಬಂದ್ರ ಬಾಗಿಲಾ ತಗಿಯೂದಿಲ್ಲ."

ಖಾತೆಯಿಲ್ಲದೆ ಮನುಷ್ಯರಿಗೆ ಮನುಷ್ಯರು ಸಿಗಬಹುದು ಎನ್ನುವುದು ನನಗೆ ಹೊಳೆದಿರಲೇ ಇಲ್ಲ ನೋಡಿ. ಅಪ್ಪನ ಮಗಳು!

ನೂರು ಡಾಲರು ಮೊದಲ ಪಾಠಗಳಿಗೇ ಮುಗಿಯಿತು, ಮಿಕ್ಕದ್ದು ನಮ್ಮವರ ಸಹನೆಯ ಮೇಲೆ ನಡೆಯಿತು. ಲೈಸೆನ್ಸು ಸಿಕ್ಕ ಮೇಲಿನ ಶನಿವಾರ, ಲಾರಿಗಳೆಲ್ಲ ನನ್ನನ್ನು ದಾಟಿ ಹೋಗುವಷ್ಟು ನಿಧಾನವಾಗಿ, ಫ್ರೀವೇ ಮೇಲೆ ಡೇಲಿ ಸಿಟಿಗೆ ಹೋದೆ. ಮಂಜು ಬೀದಿಗೆ ಇಳಿದಿತ್ತು. ಲೂರ್ಡೆಸ್ ಕಾರಿನ ಹಿಂದಿನ ಸೀಟಿನಲ್ಲಿ ಇಣುಕಿ, ಗಂಡ ಅಡಗಿ ಕೂತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಒಳಗೆ ಕರೆದಳು.

ನಡುಮನೆಯ ಮೂಲೆಯಲ್ಲಿ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ. ಸಾಬೂನು, ಚಾಕಲೇಟು, ಟವೆಲ್ಲು, ಮಕ್ಕಳ ಬೂಟು ತುಂಬಿದ್ದವು. ಇಲ್ಲಿರುವ ಫಿಲಿಪೀನ್ಸಿನವರಲ್ಲಿ ಎಲ್ಲರ ಮನೆಯಲ್ಲೂ ಇಂಥ ಪೆಟ್ಟಿಗೆ ಇರುತ್ತದಂತೆ. ಕಡಿಮೆ ಬೆಲೆಗೆ ಸಿಕ್ಕಾಗ ಒಂದೊಂದೇ ತಂದು ಹಾಕುತ್ತಾ ಹೋಗುವುದು, ತುಂಬಿದಾಗ ಹಡಗಿನಲ್ಲಿ ಊರಿಗೆ ಕಳಿಸುವುದು.

"ನೀ ಯಾವಾಗ ಊರಿಗೆ ಹೋಗ್ತಿ?" ಎಂದೆ.

"ಮುಂದಿನ ವರ್ಷ" ಎಂದಳು. ಟವೆಲ್ಲೊಂದನ್ನು ಪೆಟ್ಟಿಗೆಯೊಳಗೆ ಒತ್ತಿ, "ಬಂದಾಗಿನಿಂದ ಹಂಗ ಹೇಳಾಕತ್ತೀನಿ. ನೀನು?"

ನಾನೂ ಅಮ್ಮನಿಗೆ ಫೋನಿನಲ್ಲಿ ಮುಂದಿನ ವರ್ಷ ಎಂದೇ ಹೇಳುತ್ತಿದ್ದೆ. ಪೆಟ್ಟಿಗೆಯ ಬಾಯಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಅವಳು ಮೊಣಕಾಲೂರಿ ಟೇಪು ಎಳೆದಳು. ಮುಚ್ಚಿದ ಪೆಟ್ಟಿಗೆಯನ್ನು ಇಬ್ಬರೂ ಬಾಗಿಲ ಬಳಿಗೆ ತಳ್ಳಿದೆವು. ಖಾಲಿಯಾದ ಮೂಲೆ ಯಾಕೋ ನೋಡಲಾಗದಂತಿತ್ತು. ಅವಳು ಒಳಗಿನಿಂದ ಮಡಚಿದ ಹೊಸ ರಟ್ಟು ತಂದು, ಬಿಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿದ ಮೇಲೆಯೇ ನಾವಿಬ್ಬರೂ ಊಟಕ್ಕೆ ಕೂತಿದ್ದು.